ಪಕ್ಕಾ ಬಿಲ್ ಕೇಳಿದ್ದೇ ತಪ್ಪಾಯಿತಾ?

ನಮ್ಮ ಪಡಸಾಲೆಯ ಮೂಲೆಯಲ್ಲಿ ಒಂದು ಹೊಲಿಗೆ ಮಷಿನ್ ಇದೆ. ಬೆಲೆ 26,500 ರೂಪಾಯಿ. ಅದರ ಮೇಲೆ ಹಳೇ ಸೀರೆ ಹೊದಿಸಿಟ್ಟಿದ್ದೇನೆ. ಕಣ್ಣಿಗೆ ಬಿದ್ದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ನಾನು ಈಗ ಹೊಲಿಯುತ್ತಿರುವುದು ನಮ್ಮ ಅತ್ತೆಯ ಕಾಲದ, ಕಾಲಲ್ಲಿ ತುಳಿಯುವ ಮಷಿನ್‌ನಲ್ಲಿ.

ನಮ್ಮದು ಇಳಕಲ್ ಹತ್ತಿರದ ಹಳ್ಳಿ. ಸೀರೆಗೆ ಕುಚ್ಚು ಕಟ್ಟುವುದು, ಫಾಲ್ ಹಚ್ಚುವುದು, ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಹೊಲಿಯುವುದು, ಇದರಿಂದಲೇ ನನ್ನ ಕೈಗೆ ನಾಲ್ಕು ಕಾಸು. ಖಣ ಹೊಲಿಯುವುದು ಸುಮ್ನೆ ಅಲ್ಲ. ತೋಳಿಗೆ ಅಂಚು ಸರಿಯಾಗಿ ಕೂಡಬೇಕು. ನಡುವೆ ನಾಲ್ಕು ಹೊಲಿಗೆ ತಪ್ಪಿದರೂ ಅಂಚು ವಾರೆಯಾಗುತ್ತದೆ. ಬಿಚ್ಚಿ ಮತ್ತೆ ಹೊಲಿದರೆ ಬಟ್ಟೆಯ ಮೇಲೆ ಸೂಜಿಯ ತೂತು ಉಳಿಯುತ್ತದೆ. ಗಿರಾಕಿ ಅದನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ, ಏನೂ ಮಾತಾಡದೆ ದುಡ್ಡು ಕಮ್ಮಿ ಕೊಟ್ಟು ಹೋಗುತ್ತಾಳೆ. ಮುಂದಿನ ಸಲ ಬರುವುದಿಲ್ಲ.

ಆ ಮಷಿನ್ ತಗೊಂಡಿದ್ದು ಗೃಹಲಕ್ಷ್ಮಿ ದುಡ್ಡಿನಲ್ಲಿ. ತಿಂಗಳಿಗೆ 2,000ದಂತೆ ಹತ್ತು ಕಂತು ಮುಟ್ಟದೆ ಇಟ್ಟಿದ್ದೆ. ಮನೆಯಲ್ಲಿ ಜ್ವರ ಬಂದಾಗಲೂ ತೆಗೆಯಲಿಲ್ಲ, ಮಗನ ಶಾಲೆಯ ಬೂಟು ಹರಿದಾಗಲೂ ತೆಗೆಯಲಿಲ್ಲ. ಉಳಿದ 6,500 ನಮ್ಮ ಸಂಘದಿಂದ ಸಾಲ. 20,000 ಫೋನ್‌ಪೇ ಮಾಡಿದೆ, 6,500 ಕೈಯಲ್ಲಿ ಕೊಟ್ಟೆ. ಕೈಯಲ್ಲಿ ಕೊಟ್ಟಿದ್ದು ನನ್ನ ಮೊದಲ ತಪ್ಪು.

ಪೇಟೆಯ ಅಂಗಡಿಯವರು ಮಾರುವಾಗ ಏನು ಹೇಳಿದರು ಗೊತ್ತಾ? "ಅಕ್ಕಾರ, ಮೋಟಾರ್ ಮಷಿನ್ ಐತ್ರಿ. ದಿನಾ ಐದಾರು ಜಂಪರ್ ಹೊಲದ್ರೂ ಏನೂ ಆಗಂಗಿಲ್ಲ. ಎರಡು ವರ್ಷ ವಾರಂಟಿ." ನಾನು ಮನೆಯಲ್ಲಿ ಊರವರಿಗೆ ಹೊಲಿದು ಕೊಡುತ್ತೇನೆ ಅಂತ ಮೊದಲೇ ಹೇಳಿದ್ದೆ. ಅದಕ್ಕೇ ಈ ಮಾಡಲ್ ತೋರಿಸಿದರು.

ಬಿಲ್ ಕೇಳಿದೆ. "ಪಕ್ಕಾ ಬಿಲ್ ಬೇಕಂದ್ರ ಟ್ಯಾಕ್ಸ್ ಬೀಳತೈತ್ರಿ, ರೇಟ್ ಜಾಸ್ತಿ ಆಕ್ಕೈತಿ. ನಿಮಗ್ಯಾಕ ಬೇಕು? ವಾರಂಟಿ ಕಾರ್ಡಿಗೆ ಸಿಕ್ಕಾ ಹೊಡದು ಕೊಡ್ತೀನಿ." ಒಂದು ತೆಳು ಗುಲಾಬಿ ಚೀಟಿಯಲ್ಲಿ ಬಾಲ್‌ಪೆನ್ನಿನಿಂದ "ಮಷಿನ್ 1" ಅಂತ ಬರೆದು ಮೊತ್ತ ಹಾಕಿ ಕೊಟ್ಟರು. ಅಂಗಡಿಯ ಹೆಸರಿಲ್ಲ, ಜಿಎಸ್‌ಟಿ ನಂಬರಿಲ್ಲ, ಸಹಿ ಇಲ್ಲ. ಕೆಳಗೆ ಮಾತ್ರ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ.

ಬಾಕ್ಸಿನ ಮೇಲೆ ಇರುವ ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ತಗೊಳ್ಳುವ ಹಾಗಿಲ್ಲ. ತೆರಿಗೆ ಅದರೊಳಗೇ ಇದೆ ಅಂದಮೇಲೆ "ಬಿಲ್ ಬೇಕಂದ್ರ ಟ್ಯಾಕ್ಸ್" ಅನ್ನುವ ಮಾತು ಎಲ್ಲಿಂದ ಬಂತು? ಆ ದಿನ ನನಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಅಲ್ಲೇ ಕೂತುಬಿಡುತ್ತಿದ್ದೆ.

ಮೂರನೇ ವಾರಕ್ಕೇ ಹೊಲಿಗೆ ತಪ್ಪಲು ಶುರುವಾಯಿತು. ಸೂಜಿ ಬದಲಿಸಿದೆ, ದಾರ ಬದಲಿಸಿದೆ, ಬಾಬಿನ್ ಬಿಚ್ಚಿ ಎಣ್ಣೆ ಹಾಕಿದೆ. ಅರ್ಧ ತಾಸು ಓಡಿದರೆ ಮೋಟಾರ್ ಮುಟ್ಟಲಾರದಷ್ಟು ಬಿಸಿ. ಅಂಗಡಿಗೆ ಹೋದೆ. "ಹೊಸಾ ಮಷಿನ್ ಅಲ್ರಿ, ಸೆಟ್ ಆಗಬೇಕು. ಹದಿನೈದು ದಿನ ನಡಸ್ರಿ." ನಡೆಸಿದೆ. ಮತ್ತೆ ಹೋದೆ. "ಮೆಕ್ಯಾನಿಕ್ ಹುಬ್ಬಳ್ಳಿಯಿಂದ ಬರಬೇಕ್ರಿ." ಆತ ಬರಲೇ ಇಲ್ಲ.

ಆಮೇಲೆ ತಿಳಿಯಿತು. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಲ್ಲೇ ಬರೆದಿದೆ: ಬಿಲ್ ಕೊಡದಿರುವುದೂ ತಪ್ಪು, ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಏನೂ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳದಿರುವುದೂ ತಪ್ಪು. ಎರಡನ್ನೂ ಅನುಚಿತ ವ್ಯಾಪಾರ ಅಂತಲೇ ಕಾಯ್ದೆ ಕರೆಯುತ್ತದೆ. ಈಗ ಲೆಕ್ಕ ಹಾಕಿ. ಮೂರನೇ ವಾರಕ್ಕೆ ನಾನು ಹೋದೆ, ಹದಿನೈದು ದಿನ ತಡೀರಿ ಅಂದರು. ಮೂವತ್ತು ದಿನ ಮುಗಿದೇ ಹೋಯಿತು! ಆ "ಸೆಟ್ ಆಗಬೇಕು" ಅನ್ನುವ ಮಾತಿನ ಅರ್ಥ ಆಗ ಹೊಳೆಯಿತು.

ಮದುವೆ ಸೀಸನ್ ಬರುವ ಹೊತ್ತಿಗೆ ಮಷಿನ್ ಪೂರ್ತಿ ನಿಂತಿತು. ಮನೆಯಲ್ಲಿ ಮೂವತ್ತು ಬ್ಲೌಸ್ ಪೀಸ್ ಬಿದ್ದಿದ್ದವು. ಒಬ್ಬ ಹುಡುಗಿಯ ಅರಿಷಿಣದ ಸೀರೆಯ ಕುಪ್ಪಸವೂ ಅದರಲ್ಲಿತ್ತು. ಬೇರೆಯವರ ಮನೆಗೆ ಹೋಗಿ, ರಾತ್ರಿ ಅವರ ಮಷಿನ್ ಖಾಲಿ ಆದಮೇಲೆ ಕೂತು ಹೊಲಿದೆ. ಮಷಿನ್ ಹೊತ್ತುಕೊಂಡು ಅಂಗಡಿಗೆ ಹೋದಾಗ ಅವರು ವಾರಂಟಿ ಕಾರ್ಡಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. ಇಂಗ್ಲಿಷಿನಲ್ಲಿತ್ತು, ಸಾಸಿವೆ ಕಾಳಿನಷ್ಟು ಅಕ್ಷರ. "ವ್ಯಾಪಾರಕ್ಕ ಬಳಸಿದ್ರ ವಾರಂಟಿ ಇಲ್ಲಂತ ಬರದೈತಿ ನೋಡ್ರಿ. ನೀವು ರೊಕ್ಕಕ್ಕ ಹೊಲೀತೀರಿ."

ಮಾರುವಾಗ ಕನ್ನಡದಲ್ಲಿ ಬಾಯಿ ತುಂಬ ಹೇಳಿದರು. ಕೈ ತೊಳೆದುಕೊಳ್ಳುವ ಷರತ್ತು ಮಾತ್ರ ಇಂಗ್ಲಿಷಿನಲ್ಲಿ. ಪೊಟ್ಟಣದ ಮಾಲಿನ ನಿಯಮವೂ ಹಾಗೇ ಇದೆ. ಬೆಲೆ, ತೂಕ, ತಯಾರಾದ ತಿಂಗಳು ಎಲ್ಲ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು. ಜೊತೆಗೆ ಬೇರೆ ಭಾಷೆ ಹಾಕಬಾರದು ಅಂತಿಲ್ಲ, ಹಾಕಲೇಬೇಕು ಅಂತಲೂ ಇಲ್ಲ. ನಮ್ಮ ಅತ್ತೆ ಎಣ್ಣೆ ಪ್ಯಾಕೆಟ್ ಮೇಲಿನ ತಾರೀಖು ಓದಿಸಿಕೊಳ್ಳಲು ಮೊಮ್ಮಗ ಶಾಲೆಯಿಂದ ಬರುವ ತನಕ ಕಾಯುತ್ತಾರೆ.

ವಾರಂಟಿ ಇಲ್ಲ ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ ಅಂದೆ. ಬರೆದುಕೊಡಲಿಲ್ಲ. "ಎಲ್ಲಿಗರ ಹೋಗ್ರಿ, ನೀವು ಗ್ರಾಹಕರ ಅಲ್ಲ, ಕೇಸ್ ನಿಲ್ಲಂಗಿಲ್ಲ" ಅಂದರು. ಅಂಗಡಿಯಲ್ಲಿ ಇನ್ನೂ ನಾಲ್ಕು ಮಂದಿ ಗಿರಾಕಿ ಇದ್ದರು. ಎಲ್ಲರೆದುರು ನಾನೇ ಏನೋ ಕದಿಯಲು ಬಂದವಳ ಹಾಗೆ ನಿಂತಿದ್ದೆ.

1915ಕ್ಕೆ ಫೋನ್ ಮಾಡಿದೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿದರು, ದೂರು ಬರೆದುಕೊಂಡು ಕಂಪನಿಗೆ ಕಳಿಸಿದರು. ಕಂಪನಿ ಅದೇ ವ್ಯಾಪಾರದ ಬಳಕೆ ಅಂತ ಉತ್ತರ ಕೊಟ್ಟಿತು. ಸಹಾಯವಾಣಿ ಮಾತಾಡಿ ಬಗೆಹರಿಸಲು ನೋಡಬಹುದು, ದುಡ್ಡು ಕೊಡು ಅಂತ ಆದೇಶ ಮಾಡಲಾರದು.

ನನಗೆ ದಾರಿ ತೋರಿಸಿದವರು ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಡೆಯ ಒಬ್ಬ ವಕೀಲರು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ, 1987ರ ಕಾಯ್ದೆಯಲ್ಲೇ ಇದೆ ಅಂದರು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತು ವ್ಯಾಪಾರದ ಖರೀದಿ ಆಗುವುದಿಲ್ಲ, "ತಂಗಿ, ನೀನು ಗ್ರಾಹಕಿಯೇ" ಅಂದರು. ಆ ಮಾತು ಕೇಳಿ ಅಲ್ಲೇ ಅತ್ತುಬಿಟ್ಟೆ. ಜನ ಗ್ರಾಹಕರ ಕೋರ್ಟ್ ಅನ್ನುತ್ತಾರಲ್ಲ, ಆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದ ತನಕದ ಖರೀದಿಗೆ ದೂರಿನ ಶುಲ್ಕ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಅಂಗಡಿ ಎಲ್ಲೇ ಇರಲಿ, ನಾವು ಇರುವ ಜಿಲ್ಲೆಯಲ್ಲೇ ಕೊಡಬಹುದು. ಎದುರಿನವರು 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನು 15 ದಿನ. ಇಷ್ಟೆಲ್ಲ ನಮ್ಮ ಕಡೆಗೇ ಇದೆ. ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ.

ದೂರು ಕೊಟ್ಟಿದ್ದೇನೆ. ಕೇಸ್ ನಡೆಯುತ್ತಿದೆ, ಅದರ ವಿಷಯ ಇಲ್ಲಿ ಬರೆಯುವುದಿಲ್ಲ. ನನ್ನ ಸಿಟ್ಟು ಬೇರೆ ಇದೆ.

ಸರ್ಕಾರ ನನಗೆ ತಿಂಗಳಿಗೆ 2,000 ಕೊಡುತ್ತದೆ. ಅದಕ್ಕೆ ನಾನು ಋಣಿ, ಬಾಯಿ ಬಿಟ್ಟು ಹೇಳುತ್ತೇನೆ. ಶಕ್ತಿ ಯೋಜನೆಯಿಂದ ಬಸ್ಸಿಗೂ ದುಡ್ಡಿಲ್ಲ. ಆದರೆ ಆ ದುಡ್ಡು ನನ್ನ ಕೈಯಿಂದ ಪೇಟೆಗೆ ಹೋದ ಮೇಲೆ ಅದನ್ನು ಕಾಯುವವರು ಯಾರು? ಹತ್ತು ತಿಂಗಳು ಕೂಡಿಸಿದ್ದನ್ನು ಒಂದು ಗುಲಾಬಿ ಚೀಟಿಯ ಮೇಲೆ ಕಳೆದುಕೊಂಡೆ. ಕೊಟ್ಟ ಕೈ ಅಲ್ಲಿಗೆ ಯಾಕೆ ನಿಲ್ಲಬೇಕು? ನನ್ನೊಬ್ಬಳ ಕಥೆಯಾಗಿದ್ದರೆ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ನಮ್ಮ ಸಂಘದ ಹೆಂಗಸರು ಫ್ರಿಡ್ಜ್, ಮಿಕ್ಸರ್, ರೊಟ್ಟಿ ಮಷಿನ್ ಎಲ್ಲ ಇದೇ ದುಡ್ಡಲ್ಲಿ ತಗೊಂಡಿದ್ದಾರೆ. ಬಿಲ್ ತೋರಿಸಿ ಅಂದೆ. ಹೆಚ್ಚಿನವರು ಚೀಟಿ ತಂದರು.

ನನ್ನ ಮೈದುನನದೂ ಇದೇ ಪಾಡು. ಉಳ್ಳಾಗಡ್ಡಿ ಬೀಜ ತಂದು ಹಾಕಿದ, ಅರ್ಧಕ್ಕರ್ಧ ಹುಟ್ಟಲಿಲ್ಲ. ಬೀಜ ಕೊಂಡ ರೈತನೂ ಗ್ರಾಹಕನೇ, ಗ್ರಾಹಕರ ವೇದಿಕೆಗೆ, ಅಂದರೆ ಈಗಿನ ಆಯೋಗಕ್ಕೆ, ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಆದರೆ ಅವನ ಹತ್ತಿರ ಬಿಲ್ ಇಲ್ಲ, ಬೀಜದ ಚೀಲದ ಲೇಬಲ್ಲೂ ಇಲ್ಲ. ಚೀಲ ಹರಿದು ದನದ ಕೊಟ್ಟಿಗೆಯ ಕಿಟಕಿಗೆ ಕಟ್ಟಿದ್ದ. ಅವನಿಗೆ ಯಾರು ಹೇಳಿದ್ದರು, ಲೇಬಲ್ ಇಟ್ಟುಕೋ ಅಂತ?

ಎಲ್ಲ ಬಿಲ್ಲಿಗೇ ಬಂದು ನಿಲ್ಲುತ್ತದೆ. ಬಿಲ್ ಇಲ್ಲದವನ ಬಾಯಿ ಮುಚ್ಚಿಸುವುದು ಸುಲಭ. ಹಾಗಾದರೆ ರಾಜ್ಯ ಸರ್ಕಾರ ಬಿಲ್ಲಿನಿಂದಲೇ ಶುರು ಮಾಡಲಿ ಅಲ್ವಾ? ತೂಕ ಅಳತೆ ನೋಡುವ ಕಾನೂನು ಮಾಪನ ಇಲಾಖೆ ರಾಜ್ಯದ ಕೈಯಲ್ಲಿದೆ. ತೆರಿಗೆ ಇಲಾಖೆ ರಾಜ್ಯದ ಕೈಯಲ್ಲಿದೆ. ಅಂಗಡಿಗೆ ಪರವಾನಗಿ ಕೊಡುವುದು ಇಲ್ಲಿಯ ನಗರಸಭೆ, ಪಂಚಾಯಿತಿ. ದೀಪಾವಳಿಗೆ ಮುಂಚೆ, ಮದುವೆ ಸೀಸನ್ನಿಗೆ ಮುಂಚೆ, ಬಿತ್ತನೆಗೆ ಮುಂಚೆ ಇವರೆಲ್ಲ ಕೂಡಿ ಪೇಟೆಗೆ ಇಳಿಯಲಿ. ಗಿರಾಕಿಯ ಹಾಗೆ ಹೋಗಿ ಒಂದು ಮಿಕ್ಸರ್ ಕೊಂಡು ನೋಡಲಿ, ಬಿಲ್ ಕೊಡುತ್ತಾರೋ ಚೀಟಿ ಕೊಡುತ್ತಾರೋ ಅಂತ. "ಬಿಲ್ ಕೊಡುವುದು ನಮ್ಮ ಕರ್ತವ್ಯ, ಕೊಡದಿದ್ದರೆ 1915" ಅಂತ ದೊಡ್ಡ ಕನ್ನಡ ಅಕ್ಷರದ ಬೋರ್ಡ್ ಕೌಂಟರಿನ ಮೇಲೆ ಇರದಿದ್ದರೆ ಪರವಾನಗಿ ಮುಂದುವರಿಸಬಾರದು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಹಾಕಿಸಬೇಕು ಅನ್ನುವ ನಿಯಮ ಇದೆ. ಸಂತೆಯಲ್ಲಿ ಆ ಮುದ್ರೆ ಎಲ್ಲಿರುತ್ತದೆ ಅಂತ ನಮಗೆ ಯಾರಾದರೂ ತೋರಿಸಿದ್ದಾರಾ?

ಇನ್ನೊಂದು ವಿಷಯ ಕೇಳಿ ನನಗೆ ಮೈ ಉರಿಯಿತು. ಪ್ರತಿ ಜಿಲ್ಲೆಗೂ ಒಂದು ಗ್ರಾಹಕರ ಸಂರಕ್ಷಣಾ ಪರಿಷತ್ತು ಇರಬೇಕು, ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು, ವರ್ಷಕ್ಕೆ ಕನಿಷ್ಠ ಎರಡು ಸಭೆ ಆಗಬೇಕು. ತುಂಬಾ ಜನಕ್ಕೆ ಒಂದೇ ಥರ ಮೋಸ ಆಗುತ್ತಿದ್ದರೆ ದೂರಿನ ಮೇಲೆ ಜಿಲ್ಲಾಧಿಕಾರಿ ವಿಚಾರಣೆ ಮಾಡಿ ಗ್ರಾಹಕರ ಹಕ್ಕು ಕಾಯುವ ಕೇಂದ್ರ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು. ಇದು ಕಾಯ್ದೆ. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ರಾಜ್ಯದ ಪ್ರತಿ ಜಿಲ್ಲೆಯಲ್ಲೂ ಆ ಸಭೆಯ ತಾರೀಖು ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಲಿ. ನಮ್ಮ ಸಂಘದವರು ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ಬರುತ್ತೇವೆ.

ಮತ್ತೆ ಆಯೋಗಗಳ ವಿಚಾರ. ಜಿಲ್ಲಾ ಆಯೋಗಕ್ಕೆ ಅಧ್ಯಕ್ಷರು, ಸದಸ್ಯರನ್ನು ನೇಮಿಸುವುದು ರಾಜ್ಯ ಸರ್ಕಾರ. ದೇಶದ ತುಂಬ ಈ ಹುದ್ದೆಗಳು ಖಾಲಿ ಬಿದ್ದಿವೆ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ತಾನೇ ಕೇಸ್ ಕೈಗೆ ತಗೊಂಡು ಸರ್ಕಾರಗಳ ಕಿವಿ ಹಿಂಡಬೇಕಾಯಿತು. ಪರೀಕ್ಷೆಗೆ ಕಳಿಸುವ ಮಾಲಲ್ಲದಿದ್ದರೆ ಮೂರು ತಿಂಗಳಲ್ಲಿ, ಕಳಿಸುವುದಿದ್ದರೆ ಐದು ತಿಂಗಳಲ್ಲಿ ತೀರ್ಮಾನ ಮಾಡಲು ನೋಡಬೇಕು ಅನ್ನುತ್ತದೆ ಕಾಯ್ದೆ. ಕುರ್ಚಿಯೇ ಖಾಲಿ ಇಟ್ಟರೆ ತೀರ್ಮಾನ ಮಾಡುವವರು ಯಾರು? ಒಬ್ಬರು ನಿವೃತ್ತಿ ಆಗುವ ತಾರೀಖು ಮೊದಲೇ ಗೊತ್ತಿರುತ್ತದೆ. ಆರು ತಿಂಗಳ ಮುಂಚೆ ನೇಮಕ ಶುರು ಮಾಡಲು ಏನು ಅಡ್ಡಿ?

ಜಿಲ್ಲಾ ಕೇಂದ್ರ ಎಲ್ಲರಿಗೂ ದೂರ. ನನಗೆ ಬಸ್ ಪುಕ್ಕಟೆ, ಆದರೆ ಆ ದಿನದ ಹೊಲಿಗೆ ಹೋಯಿತಲ್ಲ? ನನ್ನ ಗಂಡನೂ ಜೊತೆಗೆ ಬಂದರೆ ಅವನ ಕೂಲಿಯೂ ಹೋಯಿತು. ತಿಂಗಳಿಗೊಮ್ಮೆ ತಾಲ್ಲೂಕಿನಲ್ಲೇ ಕೂತು ವಿಚಾರಣೆ ಮಾಡಲಿ. ವಿಡಿಯೋ ಮೂಲಕ ಹಾಜರಾಗಲು ಕಾಯ್ದೆಯಲ್ಲಿ ದಾರಿ ಇದೆ. ದೂರನ್ನು ಆನ್‌ಲೈನ್‌ನಲ್ಲೂ ಕೊಡಬಹುದು. ಆದರೆ ಪಿಡಿಎಫ್ ಮಾಡಿ ಏರಿಸುವುದು ನಮ್ಮ ಹಳ್ಳಿಯ ಹೆಂಗಸಿಗೆ ಹೇಗೆ ಬರಬೇಕು? ಗ್ರಾಮ ಒನ್ ಕೇಂದ್ರ ಇದೆಯಲ್ಲ. ಅಲ್ಲಿ ಕನ್ನಡದಲ್ಲಿ ಹೇಳಿದರೆ ಬರೆದುಕೊಂಡು ದೂರು ಹಾಕುವ ಹಾಗೆ ಮಾಡಲಿ. ವಿಚಾರಣೆಯ ದಿನ ಅಲ್ಲಿಯ ಕಂಪ್ಯೂಟರ್ ಮುಂದೆ ಕೂತು ನಾನು ಮಾತಾಡುತ್ತೇನೆ. ಮಷಿನ್ ಪಕ್ಕದಲ್ಲೇ ಇಟ್ಟುಕೊಂಡು ಅದು ಹೇಗೆ ನಿಂತುಹೋಗಿದೆ ಅಂತ ತೋರಿಸುತ್ತೇನೆ.

ಡಿಸೆಂಬರ್ 24 ಗ್ರಾಹಕರ ದಿನ. 1986ರಲ್ಲಿ ಹಳೆಯ ಕಾಯ್ದೆಗೆ ಅಂಕಿತ ಬಿದ್ದ ದಿನ ಅದು. ಎಚ್ಚರವಾಗಿರಿ, ಬಿಲ್ ಕೇಳಿ ಅಂತ ನಮಗೆ ಹೇಳುತ್ತಾರೆ. ನಾನು ಕೇಳಿದ್ದೆ. ಎಚ್ಚರವಾಗಿಯೇ ಕೇಳಿದ್ದೆ. ಕೊಡಲ್ಲ ಅಂದಾಗ ನನ್ನ ಹಿಂದೆ ಯಾರೂ ಇರಲಿಲ್ಲ.

ನಿನ್ನೆ ಪಕ್ಕದ ಮನೆಯ ಹುಡುಗಿ ಬಂದಿದ್ದಳು. ಹೊಸದಾಗಿ ಹೊಲಿಗೆ ಕಲಿತಿದ್ದಾಳೆ. "ಅಕ್ಕಾ, ನನ್ನ ಅಕೌಂಟಿನ್ಯಾಗೂ ಹದಿನೆಂಟು ಸಾವಿರ ಕೂಡೇತಿ, ಮಷಿನ್ ತಗೋಬೇಕು, ಎಲ್ಲಿ ತಗೋಲಿ?" ಅಂದಳು. ಮೂಲೆಯ ಸೀರೆ ಸರಿಸಿ ನನ್ನ ಮಷಿನ್ ತೋರಿಸಿದೆ, ಆ ಗುಲಾಬಿ ಚೀಟಿಯನ್ನೂ ತೋರಿಸಿದೆ. ಸೋಮವಾರ ಅವಳ ಜೊತೆ ನಾನೂ ಪೇಟೆಗೆ ಹೋಗುತ್ತೇನೆ. ಅಂಗಡಿಯ ಹೆಸರು, ಜಿಎಸ್‌ಟಿ ನಂಬರ್, ಮಷಿನ್ ನಂಬರ್ ಇರುವ ಪಕ್ಕಾ ಬಿಲ್ ಅವಳ ಕೈಗೆ ಬರುವ ತನಕ ನಾವಿಬ್ಬರೂ ಆ ಕೌಂಟರ್ ಬಿಟ್ಟು ಕದಲುವುದಿಲ್ಲ.