ಪಿಯುಸಿ ಪಾಸಾದ ಹುಡುಗಿಯರಿಗೆಲ್ಲ 50,000 ರೂಪಾಯಿ? ಸತ್ಯಾಂಶ ಇಲ್ಲಿದೆ

'ಪಿಯುಸಿ ಪಾಸಾದ ಎಲ್ಲ ಹುಡುಗಿಯರಿಗೂ ಕೇಂದ್ರ ಸರ್ಕಾರದಿಂದ 50,000 ರೂಪಾಯಿ, ಕೆಳಗಿನ ಲಿಂಕ್ ಒತ್ತಿ' ಎಂಬ ಮೆಸೇಜ್ ಗ್ರೂಪಿನಿಂದ ಗ್ರೂಪಿಗೆ ಓಡಾಡುತ್ತಿರುತ್ತದೆ. ಪೂರ್ತಿ ಸುಳ್ಳೇನಲ್ಲ. ಅದೇ ತೊಂದರೆ.

ದೇಶದ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇಯ 'ಪ್ರಗತಿ' ಎಂಬ ಸ್ಕಾಲರ್‌ಶಿಪ್ ನಿಜವಾಗಿಯೂ ಇದೆ. ತಾಂತ್ರಿಕ ಶಿಕ್ಷಣಕ್ಕೆ ಹೆಚ್ಚು ಹೆಣ್ಣುಮಕ್ಕಳು ಬರಲಿ ಎಂದು ಮಾಡಿದ್ದು. ವರ್ಷಕ್ಕೆ 50,000 ರೂಪಾಯಿ ಕೊಡುವುದೂ ನಿಜ. ಆದರೆ 'ಎಲ್ಲರಿಗೂ' ಅಲ್ಲ. ಎಐಸಿಟಿಇ ಮಾನ್ಯತೆ ಇರುವ ಕಾಲೇಜಿನಲ್ಲಿ ತಾಂತ್ರಿಕ ಡಿಪ್ಲೊಮಾ ಅಥವಾ ಡಿಗ್ರಿಯ ಮೊದಲ ವರ್ಷಕ್ಕೆ ಸೇರಿರಬೇಕು. ಲ್ಯಾಟರಲ್ ಎಂಟ್ರಿ, ಅಂದರೆ ನೇರ ಎರಡನೇ ವರ್ಷಕ್ಕೇ ಸೇರಿದ್ದಾದರೆ, ಎರಡನೇ ವರ್ಷ. ಅಂದರೆ ಸೀಟು ಮೊದಲು, ಸ್ಕಾಲರ್‌ಶಿಪ್ ಆಮೇಲೆ. ಬಿಎ ಓದುವ ಹುಡುಗಿಗೆ ಇದು ಸಿಗುವುದಿಲ್ಲ. ಮನೆಯ ವರ್ಷದ ಆದಾಯ 8 ಲಕ್ಷ ದಾಟಬಾರದು. ಒಂದು ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿಗೆ ಮಾತ್ರ. ಇಷ್ಟೆಲ್ಲ ಇದ್ದರೂ ಆಯ್ಕೆ ನಡೆಯುವುದು ಹಿಂದಿನ ಪರೀಕ್ಷೆಯ ಅಂಕ ನೋಡಿ.

ಇನ್ನು ಆ ಲಿಂಕ್. ಅರ್ಜಿ ಹಾಕುವುದು ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ, ಅದೂ ಪುಕ್ಕಟೆ. ಅರ್ಜಿಯನ್ನು ಕಾಲೇಜಿನವರು ಪರಿಶೀಲಿಸುತ್ತಾರೆ. ದುಡ್ಡು ನೇರ ವಿದ್ಯಾರ್ಥಿನಿಯ ಬ್ಯಾಂಕ್ ಖಾತೆಗೆ ಬರುತ್ತದೆ. ನಡುವೆ ಯಾರೋ 'ಪ್ರೊಸೆಸಿಂಗ್ ಫೀ 200 ರೂಪಾಯಿ, ಒಟಿಪಿ ಹೇಳಿ' ಅಂದರೆ ಫೋನ್ ಇಟ್ಟುಬಿಡಿ. ಸರ್ಕಾರ ದುಡ್ಡು ಕೊಡೋಕೆ ಫೋನ್ ಮಾಡಿ ಒಟಿಪಿ ಯಾಕೆ ಕೇಳುತ್ತೆ, ಅಲ್ವಾ?

ನಿಮ್ಮ ಮನೆಯ ಹುಡುಗಿ ಈ ವರ್ಷ ಇಂಜಿನಿಯರಿಂಗ್ ಅಥವಾ ಪಾಲಿಟೆಕ್ನಿಕ್ ಸೇರಿದ್ದರೆ ಫಾರ್ವರ್ಡ್ ಪಕ್ಕಕ್ಕಿಟ್ಟು ಕಾಲೇಜಿನ ಆಫೀಸಿನಲ್ಲಿ 'ಪ್ರಗತಿ' ಎಂದು ಹೆಸರು ಹೇಳಿ ವಿಚಾರಿಸಿ. ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ. ಕೊನೇ ದಿನ ಓಡಾಡುವುದು ಅದಕ್ಕೇ ಜಾಸ್ತಿ.