ಎಎ ಮೀಟಿಂಗ್ ಎಲ್ಲಿ ನಡೆಯುತ್ತೆ ಅಂತ ಊರಿಗೆಲ್ಲ ಗೊತ್ತಿರಬೇಕು

ಯಾವ ಊರಿಗೆ ಹೋದರೂ ವೈನ್ ಶಾಪ್ ಎಲ್ಲಿದೆ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಅದೇ ಊರಿನಲ್ಲಿ, ಕುಡಿತ ಬಿಟ್ಟವರು ವಾರ ವಾರ ಸೇರಿ ಕೂರುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗ್ ಎಲ್ಲಿದೆ ಅಂತ ಕೇಳಿ ನೋಡಿ. ಮೆಡಿಕಲ್ ಸ್ಟೋರ್‌ನವರಿಗೂ ಗೊತ್ತಿರುವುದಿಲ್ಲ, ಆಟೋದವರಿಗೂ ಗೊತ್ತಿರುವುದಿಲ್ಲ. ಎಷ್ಟೋ ಸಲ ಡಾಕ್ಟರಿಗೂ ಗೊತ್ತಿರುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ನಮ್ಮ ಭಾವನ ವಿಷಯದಲ್ಲಿ ಸಲಹೆಗೇನೂ ಬರ ಇರಲಿಲ್ಲ. ದೇವರ ಮುಂದೆ ಆಣೆ ಮಾಡಿಸಿ ಅಂದರು. ಅಯ್ಯಪ್ಪನ ಮಾಲೆ ಹಾಕಿಸಿ ಅಂದರು. ಮಾಲೆ ಇದ್ದಷ್ಟು ದಿನ ಭಾವ ಒಂದು ಹನಿ ಮುಟ್ಟಲಿಲ್ಲ. ಬೆಳಿಗ್ಗೆ ತಣ್ಣೀರ ಸ್ನಾನ, ಸಂಜೆ ಭಜನೆ. ಅಕ್ಕನ ಮುಖದಲ್ಲಿ ಗೆಲುವು. ಶಬರಿಮಲೆಯಿಂದ ಬಂದು ಮಾಲೆ ತೆಗೆದ ವಾರದಲ್ಲೇ ಮತ್ತೆ ಶುರು. ಆ ದಿನಗಳಲ್ಲಿ ಅವರನ್ನು ಹಿಡಿದಿಟ್ಟದ್ದು ಬರೀ ಭಕ್ತಿ ಅಲ್ಲ, ಜೊತೆಯಲ್ಲಿದ್ದ ಸ್ವಾಮಿಗಳ ಗುಂಪು ಕೂಡ ಅಂತ ನನಗೆ ಈಗ ಅನ್ನಿಸುತ್ತದೆ. ಸಂಜೆ ಆದರೆ ಹೋಗಿ ಕೂರಲು ಒಂದು ಜಾಗ ಇತ್ತು. ಮಾಲೆ ತೆಗೆದ ಮೇಲೆ ಗುಂಪು ಚದುರಿತು. ಸಂಜೆ ಮಾತ್ರ ದಿನಾ ಬರುತ್ತಲೇ ಇತ್ತು.

ಇನ್ನೊಬ್ಬರು ಸಾರಿನಲ್ಲಿ ಗೊತ್ತಾಗದ ಹಾಗೆ ಬೆರೆಸಿ ಎಂದು ಒಂದು ಪುಡಿ ತಂದುಕೊಟ್ಟರು. ಅಕ್ಕ ಅದನ್ನು ಬಳಸಲಿಲ್ಲ, ಪುಣ್ಯ. ಕೈಮುಗಿದು ಕೇಳ್ತೀನಿ, ನೀವೂ ಬಳಸಬೇಡಿ. ಅದರಲ್ಲಿ ಏನಿರುತ್ತೆ ಅಂತ ನಮಗೆ ಗೊತ್ತಾಗುವುದಿಲ್ಲ. ಕುಡಿತ ಬಿಡಿಸಲು ಡಾಕ್ಟರ್ ಕೊಡುವ ಡೈಸಲ್ಫಿರಾಂ ಮಾತ್ರೆ ಬೆರೆತಿದ್ದರಂತೂ, ತಿಂದವರು ಆಮೇಲೆ ಕುಡಿದರೆ ಜೀವಕ್ಕೇ ಕುತ್ತು ಬರಬಹುದು. ಅದನ್ನು ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡಬೇಕು.

ಹಾಗೆಯೇ, ವರ್ಷಗಟ್ಟಲೆ ದಿನಾ ಕುಡಿದವರನ್ನು 'ಇವತ್ತಿನಿಂದ ಬಂದ್' ಅಂತ ಕೋಣೆಯಲ್ಲಿ ಕೂರಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಎರಡು ಮೂರು ದಿನದಲ್ಲಿ ಇಲ್ಲದ್ದೆಲ್ಲ ಕಾಣಿಸಲು ಶುರುವಾಗುತ್ತದೆ. ಮೊದಲು ಡಾಕ್ಟರ್ ಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಯಲ್ಲೂ ಕೇಳಬಹುದು. ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, ದುಡ್ಡು ಕೊಡಬೇಕಿಲ್ಲ. ವ್ಯಸನ ಬಿಡಿಸಲೆಂದೇ ಇರುವ ಸಹಾಯವಾಣಿ 14446.

ಆದರೆ ಆಸ್ಪತ್ರೆಯಿಂದ ಒಂದು ದಿನ ಮನೆಗೆ ಕಳಿಸುತ್ತಾರೆ ಅಲ್ವಾ? ಅದೇ ಬೀದಿ, ಅದೇ ಗೆಳೆಯರು, ಅದೇ ಸಂಬಳದ ದಿನ. ಮೀಟಿಂಗ್ ಬೇಕಾಗುವುದು ಆಗ.

ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಏಕ್ರನ್ ಊರಿನಲ್ಲಿ. ಒಬ್ಬ ಷೇರು ದಲ್ಲಾಳಿ, ಒಬ್ಬ ಸರ್ಜನ್, ಇಬ್ಬರೂ ಕುಡಿತದಿಂದ ಬದುಕು ಹಾಳು ಮಾಡಿಕೊಂಡವರು. ಹೆಂಡತಿ ಅತ್ತರೂ ಬದಲಾಗದವನು ಇನ್ನೊಬ್ಬ ಕುಡುಕನ ಮಾತಿಗೆ ಕಿವಿಗೊಡುತ್ತಾನೆ ಅನ್ನುವುದು ಅವರಿಗೆ ಅನುಭವದಿಂದ ಗೊತ್ತಾಯಿತು. ಇವತ್ತಿಗೂ ಅಲ್ಲಿ ಫೀಸು ಇಲ್ಲ. ಜಾತಿ, ಧರ್ಮ, ಕೆಲಸ ಕೇಳುವುದಿಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು.

ಭಾವನ ಜೊತೆ ನಾನು ಹೋಗಿದ್ದು ಓಪನ್ ಮೀಟಿಂಗ್‌ಗೆ. ಅದಕ್ಕೆ ಮನೆಯವರೂ ಹೋಗಬಹುದು. ಕ್ಲೋಸ್ಡ್ ಮೀಟಿಂಗ್ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಶಾಲೆಯೊಂದರ ಕೋಣೆ, ಮಕ್ಕಳ ಬೆಂಚು, ಮೊಣಕಾಲು ಡೆಸ್ಕಿಗೆ ತಾಗುತ್ತಿತ್ತು. ಅಲ್ಲಿ ಬೇರೆಯವರು ಹೇಳಿಕೊಂಡದ್ದನ್ನು ನಾನು ಬರೆಯುವುದಿಲ್ಲ, ಅದು ಅಲ್ಲಿಗೇ ಸೇರಿದ್ದು. ಭಾವನ ಒಪ್ಪಿಗೆ ಪಡೆದು ಅವರ ವಿಷಯ ಮಾತ್ರ ಹೇಳುತ್ತೇನೆ. ಹೆಲ್ಮೆಟ್ಟನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡೇ ಕೂತಿದ್ದರು, ಯಾವಾಗ ಬೇಕಾದರೂ ಎದ್ದು ಹೋಗುವವರಂತೆ. ಮೂರನೆಯವರು ಮಾತಾಡುವಾಗ ಅದನ್ನು ಕೆಳಗಿಟ್ಟರು. ಮುಗಿದ ಮೇಲೆ ಹಿರಿಯರೊಬ್ಬರು ಚೀಟಿಯಲ್ಲಿ ತಮ್ಮ ನಂಬರ್ ಬರೆದುಕೊಟ್ಟು, 'ಕುಡಿದ ಮೇಲೆ ಅಲ್ಲ, ಕುಡಿಯೋಕೆ ಮುಂಚೆ ಫೋನ್ ಮಾಡಿ' ಅಂದರು. ಉಪದೇಶ ಅಂತ ಸಿಕ್ಕಿದ್ದು ಅಷ್ಟೇ.

ಎಎ ಎಲ್ಲರಿಗೂ ಒಗ್ಗುತ್ತದೆ ಅಂತ ನಾನು ಹೇಳುವುದಿಲ್ಲ. ಅಲ್ಲಿ ಬರುವ ದೇವರ ಮಾತು ಕೆಲವರಿಗೆ ಹಿಡಿಸುವುದಿಲ್ಲ. ಒಂದು ಗುಂಪು ಸರಿಹೋಗದಿದ್ದರೆ ಇನ್ನೊಂದಕ್ಕೆ ಹೋಗಿ ನೋಡಬೇಕು. ಹಳ್ಳಿಗಳಲ್ಲಿ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿಗಳಿವೆ, ಅಲ್ಲೂ ನಡೆಯುವುದು ಜೊತೆಗೆ ಕೂರುವ ಕೆಲಸವೇ. ಮನೆಯವರಿಗೆ ಅಲ್-ಅನಾನ್ ಅನ್ನುವ ಗುಂಪು ಬೇರೆ ಇದೆ. ಭಾವ ಕುಡಿದರೂ ಬಿಟ್ಟರೂ ಅಕ್ಕನಿಗೆ ಮನಸ್ಸು ಹಗುರ ಮಾಡಿಕೊಳ್ಳುವ ಜಾಗ ಬೇಕಿತ್ತು.

ಮೀಟಿಂಗ್ ಎಲ್ಲಿದೆ ಅಂತ ಎಎ ಇಂಡಿಯಾ ವೆಬ್‌ಸೈಟ್‌ನಲ್ಲಿ ಹುಡುಕಿ, ಹೊರಡುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ಸಮಯ ಬದಲಾಗಿರಬಹುದು. ಕನ್ನಡದಲ್ಲಿ ನಡೆಯುತ್ತಾ ಅಂತಲೂ ಕೇಳಿ. ಹತ್ತಿರ ಇಲ್ಲದಿದ್ದರೆ ಆನ್‌ಲೈನ್ ಮೀಟಿಂಗ್‌ಗಳಿವೆ.

ಅನಾಮಧೇಯರ ಗುಂಪು, ಅದಕ್ಕೇ ಪ್ರಚಾರ ಇಲ್ಲ ಅನ್ನುತ್ತಾರೆ. ಗುಟ್ಟಾಗಿರಬೇಕಾದ್ದು ಬರುವವರ ಹೆಸರು, ಮೀಟಿಂಗ್ ವಿಳಾಸ ಅಲ್ಲ. ನಮ್ಮ ಸರ್ಕಾರಕ್ಕೆ ಅಬಕಾರಿಯಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಜಾಸ್ತಿ ಬರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ವೈನ್ ಶಾಪಿನ ಗೋಡೆಯ ಮೇಲೆಯೇ ಒಂದು ಬೋರ್ಡ್ ಹಾಕಿಸಲು ಎಷ್ಟು ಖರ್ಚಾದೀತು?

ಅಲ್ಲಿಯವರೆಗೆ ನಾವೇ ಮಾಡೋಣ. ನಿಮ್ಮೂರಿನಲ್ಲಿ ಮೀಟಿಂಗ್ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಅಂತ ಗೊತ್ತಿದ್ದರೆ ಕೆಳಗೆ ಬರೆಯಿರಿ. ಹೋಗುವವರ ಹೆಸರು ಮಾತ್ರ ಬೇಡ.