ಪುಕ್ಕಟೆ ಕಾಗದಕ್ಕೆ ಪ್ರೊಸೆಸಿಂಗ್ ಫೀ

ಸರ್ಕಾರಿ ಕೆಲಸ ಅಂದರೆ ಅಲೆದಾಟ, ‘ನಾಳೆ ಬನ್ನಿ’, ‘ಸರ್ವರ್ ಡೌನ್’ ಎಂದು ಗೊಣಗುವವರಿಗೆ ಒಂದು ಸಿಹಿಸುದ್ದಿ. ಸರ್ಕಾರಿ ಕೆಲಸವನ್ನು ಚಕಚಕನೆ ಮಾಡಿಕೊಡುವ ವೆಬ್‌ಸೈಟ್‌ಗಳು ಬಂದಿವೆ. ಕ್ಯಾಪ್ಚಾದ ಸೊಟ್ಟ ಅಕ್ಷರ ಓದುವ ಕಷ್ಟವಿಲ್ಲ. ಅರ್ಧ ತುಂಬಿದ ಫಾರಂ ಮಾಯವಾಗುವುದಿಲ್ಲ. ದುಡ್ಡು ಕಟ್ಟಿ ಟೀ ಕುಡಿದು ಮುಗಿಸುವಷ್ಟರಲ್ಲಿ ಅವರೇ ಫೋನ್ ಮಾಡುತ್ತಾರೆ. ಅದೂ ‘ಸರ್’, ‘ಮೇಡಂ’ ಎಂದು. ಅನುಮಾನ ಬರಬೇಕಾದ್ದು ಅಲ್ಲೇ. ಸರ್ಕಾರಿ ಕಚೇರಿಯಿಂದ ಯಾರಾದರೂ ತಾವಾಗಿಯೇ ಫೋನ್ ಮಾಡಿ ವಿಚಾರಿಸಿಕೊಂಡಿದ್ದು ಉಂಟಾ?

ಉದ್ಯಮ್ ನೋಂದಣಿಯನ್ನೇ ತೆಗೆದುಕೊಳ್ಳಿ. ಸಣ್ಣಪುಟ್ಟ ವ್ಯಾಪಾರ ಮಾಡುವವರಿಗೆ ಕೇಂದ್ರ ಸರ್ಕಾರ 2020ರ ಜುಲೈ 1ರಿಂದ ಕೊಡುತ್ತಿರುವ ಸರ್ಟಿಫಿಕೇಟು ಇದು. ಶುಲ್ಕ ಸೊನ್ನೆ. ದಾಖಲೆ ಅಪ್‌ಲೋಡ್ ಮಾಡುವ ಗೋಜೂ ಇಲ್ಲ. ಆಧಾರ್, ಪ್ಯಾನ್, ಒಂದು ಒಟಿಪಿ, ಆಮೇಲೆ ವ್ಯಾಪಾರದ ಬಗ್ಗೆ ಒಂದಷ್ಟು ಪ್ರಶ್ನೆ. ಪುಕ್ಕಟೆ ಸಿಗುವುದನ್ನು ಯಾರು ತಾನೇ ಮಾರುತ್ತಾರೆ ಅಂತೀರಾ? ನೀರನ್ನೇ ಬಾಟಲಿಗೆ ತುಂಬಿ ಮಾರುವ ಕಾಲದಲ್ಲಿ ಸರ್ಟಿಫಿಕೇಟು ಯಾವ ಲೆಕ್ಕ.

ಮೊಬೈಲ್‌ನಲ್ಲಿ ‘ಉದ್ಯಮ್’ ಎಂದು ಹುಡುಕಿ. ಎಲ್ಲಕ್ಕಿಂತ ಮೇಲೆ, ದುಡ್ಡು ಕೊಟ್ಟು ಜಾಗ ಹಿಡಿದವರು ಕೂತಿರಬಹುದು. ಪಕ್ಕದಲ್ಲಿ ‘ಸ್ಪಾನ್ಸರ್ಡ್’ ಎಂದು ಬರೆದಿರುತ್ತದೆ. ಅದು ನಮ್ಮ ಜನರ ಕಣ್ಣಿಗೆ ‘ಸರ್ಕಾರವೇ ಸ್ಪಾನ್ಸರ್ ಮಾಡಿದ್ದು’ ಎಂದು ಕಂಡರೆ ತಪ್ಪು ಯಾರದು? ಒಳಗೆ ಹೋದರೆ ಕೇಸರಿ-ಬಿಳಿ-ಹಸಿರು ಪಟ್ಟಿ, ನೀಲಿ ಚಕ್ರ, ಕೆಲವು ಕಡೆ ಸಾಕ್ಷಾತ್ ಮೂರು ಸಿಂಹಗಳೇ. ಅಸಲಿ ಸೈಟಿನ ವಿಳಾಸ gov.in ಎಂದು ಮುಗಿಯುತ್ತದೆ, ಆ ಬಾಲ ಸರ್ಕಾರದವರಿಗೆ ಮಾತ್ರ ಸಿಗುವುದು. ಇವರ ವಿಳಾಸದಲ್ಲಿ ‘ಇಂಡಿಯಾ’, ‘ಆನ್‌ಲೈನ್’, ‘ಪೋರ್ಟಲ್’ ಎಲ್ಲ ಇರುತ್ತದೆ, ಬಾಲ ಒಂದು ಬೇರೆ. ಹಾಗಂತ ಇವರು ಸುಳ್ಳು ಹೇಳುತ್ತಾರೆ ಎನ್ನುವಂತಿಲ್ಲ. ‘ಸತ್ಯಮೇವ ಜಯತೆ’ ಮೇಲ್ಗಡೆ ದಪ್ಪಗೆ ಇರುತ್ತದೆ. ಸತ್ಯ ಕೆಳಗಡೆ, ಪುಟದ ಕಟ್ಟಕಡೆಯಲ್ಲಿ, ತಿಳಿ ಬೂದು ಬಣ್ಣದಲ್ಲಿ ಇರುತ್ತದೆ: ‘ಇದು ಖಾಸಗಿ ಸಲಹಾ ಸಂಸ್ಥೆ, ಸರ್ಕಾರಕ್ಕೂ ನಮಗೂ ಸಂಬಂಧವಿಲ್ಲ’.

ರಾಷ್ಟ್ರ ಲಾಂಛನವನ್ನು ಹೀಗೆ ಅಂಟಿಸಿಕೊಳ್ಳುವುದು ಅಪರಾಧ. 2005ರ ಕಾಯ್ದೆಯೇ ಇದೆ. ಎರಡು ವರ್ಷದವರೆಗೆ ಜೈಲು, ಇಲ್ಲವೇ ₹5,000ದವರೆಗೆ ದಂಡ, ಅಥವಾ ಎರಡೂ. ಐದು ಸಾವಿರ ಅಂದರೆ ಇವರಿಗೆ ಮೂರು ಗಿರಾಕಿಗಳ ಮಾತು, ಬೆಳಗಿನ ತಿಂಡಿಗೆ ಮುಂಚೆಯೇ ಹುಟ್ಟುತ್ತದೆ. ಬುದ್ಧಿವಂತರಂತೂ ಸಿಂಹಗಳ ತಂಟೆಗೇ ಹೋಗುವುದಿಲ್ಲ. ಪಾರ್ಲಿಮೆಂಟಿನ ಹಾಗೆ ಕಾಣುವ ಒಂದು ಕಟ್ಟಡದ ಚಿತ್ರ ಹಾಕಿದರೆ ಸಾಕು, ಮಿಕ್ಕಿದ್ದನ್ನು ನಮ್ಮ ಭಯಭಕ್ತಿ ತುಂಬಿಕೊಳ್ಳುತ್ತದೆ.

ನಮ್ಮ ಬೀದಿಯಲ್ಲಿ ಚಕ್ಲಿ, ನಿಪ್ಪಟ್ಟು ಮಾಡಿ ಅಂಗಡಿಗಳಿಗೆ ಹಾಕುವ ಅಕ್ಕ ಒಬ್ಬರಿದ್ದಾರೆ. ಹಿಟ್ಟು ಕಲಸುವ ಮೆಷಿನ್ ತಗೊಳ್ಳಲು ಸಾಲ ಬೇಕಿತ್ತು, ಬ್ಯಾಂಕಿನವರು ಉದ್ಯಮ್ ತನ್ನಿ ಅಂದರಂತೆ. ಇವರು ಮೊದಲು ಸಿಕ್ಕ ಸೈಟಿನಲ್ಲಿ ಫಾರಂ ತುಂಬಿ ₹1,999 ಕಟ್ಟಿದರು. ತಕ್ಷಣ ಫೋನ್. ‘ಮೇಡಂ, ಓಟಿಪಿ ಬೋಲಿಯೇ.’ ಹೇಳಿದರು. ಆ ಕಡೆಯವನು ಮಾಡಿದ್ದು ಇಷ್ಟೇ: ಅಸಲಿ ಸೈಟಿಗೆ ಹೋಗಿ, ಇವರದೇ ಆಧಾರ್ ನಂಬರ್ ಹಾಕಿ, ಇವರ ಬಾಯಿಂದಲೇ ಒಟಿಪಿ ಹೇಳಿಸಿ, ಪುಕ್ಕಟೆ ಸರ್ಟಿಫಿಕೇಟನ್ನು ಇಳಿಸಿ ಕಳಿಸಿದ. ಸರ್ಟಿಫಿಕೇಟು ಅಪ್ಪಟ ಅಸಲಿ. ಬ್ಯಾಂಕಿನವರು ನೋಡಿ, ‘ಇದಕ್ಕೆ ದುಡ್ಡು ಕೊಟ್ರಾ? ಇದು ಫ್ರೀ ಅಲ್ವಾ ಅಮ್ಮಾ?’ ಅಂದಾಗಲೇ ಗುಟ್ಟು ರಟ್ಟಾಗಿದ್ದು.

ಈಗ ರೀಫಂಡ್ ಕೇಳಬೇಕು. ಸೈಟಿನಲ್ಲಿ ‘ರೀಫಂಡ್ ಪಾಲಿಸಿ’ ಎಂಬ ಪುಟವಿದೆ. ಓದಿ ನೋಡಿದೆ, ಅದನ್ನು ಬರೆದವರಿಗೆ ಒಂದು ಪ್ರಶಸ್ತಿ ಕೊಡಬೇಕು. ಅರ್ಜಿಯ ಕೆಲಸ ಶುರುವಾಗುವ ಮುಂಚೆ ಕೇಳಿದರೆ ದುಡ್ಡು ವಾಪಸ್. ಕೆಲಸ ಶುರುವಾಗುವುದು ಯಾವಾಗ? ದುಡ್ಡು ಕಟ್ಟಿದ ಕ್ಷಣ. ಶುರುವಾದ ಮೇಲೆ ಕೇಳಿದರೆ ಸಲಹಾ ಶುಲ್ಕ, ಗೇಟ್‌ವೇ ಶುಲ್ಕ, ರದ್ದತಿ ಶುಲ್ಕ ಕಳೆದು ಉಳಿದದ್ದು ವಾಪಸ್. ಕಳೆಯುತ್ತಾ ಹೋದರೆ ನಾವೇ ಇನ್ನಷ್ಟು ಕೊಡಬೇಕಾಗಿ ಬಂದೀತು. ಅಕ್ಕ ಫೋನ್ ಮಾಡಿದರು. ‘ಮೇಡಂ, ಆಪ್ ಕಾ ಕಾಮ್ ಹೋಗಯಾ ನಾ?’ ಎಂಬ ಒಂದೇ ಉತ್ತರ. ಕೆಲಸ ಆಗಿದೆಯಲ್ಲ, ಇನ್ನೇನು? ಮೋಸ ಹೋದವರಿಗೆ ಬೈಯಲೂ ಹಿಂದಿ ಬರಬೇಕು ಎನ್ನುವುದು ಬೇರೆ ದೊಡ್ಡ ವಿಷಯ, ಇಲ್ಲಿ ಬೇಡ.

ಬ್ಯಾಂಕಿಗೆ ಹೋದರೆ ಅಲ್ಲೂ ನಿಯಮ ಇದೆ. ನಿಮಗೆ ಗೊತ್ತಿಲ್ಲದೆ ನಿಮ್ಮ ಖಾತೆಯಿಂದ ಯಾರೋ ಮೂರನೆಯವರು ದುಡ್ಡು ಎತ್ತಿದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮಗೆ ನಷ್ಟವಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಅಕ್ಕನಿಗೆ ಗೊತ್ತಿತ್ತು. ಅವರೇ ಯುಪಿಐ ಪಿನ್ ಒತ್ತಿದ್ದು. ಗೊತ್ತಿಲ್ಲದೆ ಹೋದ ದುಡ್ಡಿಗೆ ನಿಯಮವಿದೆ, ಗೊತ್ತಿದ್ದೂ ಹೋದ ದುಡ್ಡಿಗೆ ಉಪದೇಶವಿದೆ. ‘ಸ್ವಲ್ಪ ನೋಡ್ಕೊಂಡು ಕಟ್ಟಬಾರದಾ?’ ಕಾರ್ಡಿನಲ್ಲಿ ಕಟ್ಟಿದ್ದರೆ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕಿನ ಮೂಲಕವೇ ದುಡ್ಡು ವಾಪಸ್ ಕೇಳಬಹುದಿತ್ತು. ಸೈಟಿನ ಸ್ಕ್ರೀನ್‌ಶಾಟ್ ಇಟ್ಟು, ಸರ್ಕಾರಿ ಸೈಟಿನ ವೇಷ ಹಾಕಿ ವಸೂಲು ಮಾಡಿದ್ದಾರೆ ಎಂದು ಬರೆದುಕೊಡಬಹುದಿತ್ತು. ಚಕ್ಲಿ ಅಕ್ಕನ ಹತ್ತಿರ ಕ್ರೆಡಿಟ್ ಕಾರ್ಡ್ ಎಲ್ಲಿಂದ ಬರಬೇಕು?

ಸೈಬರ್ ವಂಚನೆಗೆ 1930 ಸಹಾಯವಾಣಿ ಇದೆ. ಬೇಗ ಫೋನ್ ಮಾಡಿದರೆ ಕಳ್ಳನ ಖಾತೆಯಲ್ಲೇ ದುಡ್ಡನ್ನು ತಡೆಹಿಡಿಯುವ ವ್ಯವಸ್ಥೆ ಅದು, ಒಳ್ಳೆಯದೇ. ಆದರೆ ಇಲ್ಲಿ ಕಳ್ಳ ಓಡಿಹೋಗಿಲ್ಲವಲ್ಲ. ಬಾಗಿಲು ತೆರೆದುಕೊಂಡು, ಬಿಲ್ಲು ಹರಿದು ಕೊಟ್ಟು, ‘ಮತ್ತೇನು ಸೇವೆ ಮೇಡಂ?’ ಎಂದು ಕೇಳುತ್ತಾ ಕೂತಿದ್ದಾನೆ. ಬಿಲ್ಲಿನಲ್ಲಿ ಶೇ. 18 ಜಿಎಸ್‌ಟಿ ಬೇರೆ. ಸರ್ಕಾರ ಸೊನ್ನೆ ರೂಪಾಯಿಗೆ ಕೊಡುವ ಕಾಗದ ದಲ್ಲಾಳಿಯ ಕೈದಾಟಿ ಬಂದರೆ ಸರ್ಕಾರಕ್ಕೂ ಮುನ್ನೂರು ಚಿಲ್ಲರೆ ಪಾಲು. ಅವನು ಅದನ್ನು ನಿಜವಾಗಿ ಕಟ್ಟಿದ್ದರೆ ಅನ್ನಿ.

ಗ್ರಾಹಕರ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ. 2023ರ ನವೆಂಬರ್ 30ರಂದು ಕೇಂದ್ರ ಸರ್ಕಾರ ‘ಡಾರ್ಕ್ ಪ್ಯಾಟರ್ನ್’ ಎಂದು 13 ಬಗೆಯ ಆನ್‌ಲೈನ್ ಮೋಸಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ವೇಷ ಹಾಕಿದ ಜಾಹೀರಾತು, ಸುಳ್ಳು ಅವಸರ ಎಲ್ಲ ಅದರಲ್ಲಿವೆ. ಅಂದರೆ ಕಾನೂನಿಗೇನೂ ಬರ ಇಲ್ಲ. ಬರ ಇರುವುದು ಅಕ್ಕನ ಪುರುಸೊತ್ತಿಗೆ. ಎರಡು ಸಾವಿರಕ್ಕೆ ಎಷ್ಟು ದಿನ ಎಣ್ಣೆ ಬಾಣಲೆ ಇಳಿಸಿ ಓಡಾಡುತ್ತಾರೆ? ಈ ₹1,999 ಯಾರೋ ಕುರುಡು ಅಂದಾಜಿಗೆ ಇಟ್ಟ ಬೆಲೆಯಲ್ಲ. ಬಿಡಲು ಹೊಟ್ಟೆ ಉರಿಯಬೇಕು, ಹಿಡಿಯಲು ಹೋದರೆ ಅದಕ್ಕಿಂತ ಜಾಸ್ತಿ ಖರ್ಚಾಗಬೇಕು. ಅಷ್ಟು ಹದವಾಗಿ ಇಟ್ಟ ಬೆಲೆ. ಇಪ್ಪತ್ತು ಸಾವಿರ ಕೇಳಿದ್ದರೆ ಇಷ್ಟೊತ್ತಿಗೆ ಜನ ಬೀದಿಗೆ ಇಳಿದಿರುತ್ತಿದ್ದರು.

ಉದ್ಯಮ್ ಒಂದೇ ಅಲ್ಲ. ಇಂಥ ಸೈಟು ಪಾಸ್‌ಪೋರ್ಟಿಗೆ ಇದೆ, ಪ್ಯಾನ್‌ಗೆ ಇದೆ, ವರ್ಷಕ್ಕೆ ₹100 ಸಾಕಾಗುವ ಆಹಾರ ನೋಂದಣಿಗೂ ಇದೆ. ಹಳೆ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಕಡ್ಡಾಯ ಎಂದು ನಮ್ಮ ರಾಜ್ಯದಲ್ಲಿ ಗಡುವಿನ ಮೇಲೆ ಗಡುವು ಕೊಟ್ಟಾಗಲೂ ನಕಲಿ ಸೈಟುಗಳು ಎದ್ದವು. 2022ರಲ್ಲಿ ಗಾಣಗಾಪುರದ ದತ್ತಾತ್ರೇಯ ದೇವಸ್ಥಾನದ ಹೆಸರಿನಲ್ಲೂ ನಕಲಿ ವೆಬ್‌ಸೈಟ್ ಕೇಸಾಯಿತು. ದೇವರಿಗೇ ತಪ್ಪಲಿಲ್ಲ.

ಸರ್ಕಾರ ಸುಮ್ನೆ ಕೂತಿದೆ ಎಂದರೆ ಅನ್ಯಾಯವಾಗುತ್ತದೆ. ಅದು ಎಚ್ಚರಿಕೆ ಕೊಟ್ಟಿದೆ. ನಕಲಿ ಸೈಟುಗಳನ್ನು ನಂಬಬೇಡಿ, ಹಣ ಕಟ್ಟಬೇಡಿ ಎಂದು ಸ್ಪಷ್ಟವಾಗಿ ಬರೆದಿದೆ. ಎಲ್ಲಿ? ಅಸಲಿ ಸೈಟಿನಲ್ಲಿ! ದಾರಿ ತಪ್ಪದೆ ಸರಿಯಾದ ಊರಿಗೆ ಬಂದವರಿಗೆಲ್ಲ ಅಲ್ಲಿ ‘ದಾರಿ ತಪ್ಪೀರಿ ಜೋಕೆ’ ಎಂಬ ಫಲಕ ತೋರಿಸಲಾಗುತ್ತದೆ. ತಪ್ಪಿದವರಿಗೆ ಆ ಫಲಕ ಕಾಣಬೇಕಾದರೆ ಅವರು ಮೊದಲು ಎರಡು ಸಾವಿರ ಕಳೆದುಕೊಂಡು, ಯಾರಿಂದಲೋ ಅಸಲಿ ವಿಳಾಸ ತಿಳಿದು, ಅಲ್ಲಿಗೆ ಬರಬೇಕು.

ನನ್ನದೊಂದು ಸಲಹೆ ಇದೆ. ಈ ನಕಲಿ ಸೈಟಿನವರನ್ನೇ ಕರೆದು ಸರ್ಕಾರಿ ಸೈಟುಗಳ ಟೆಂಡರ್ ಕೊಟ್ಟುಬಿಡಿ. ದೊಡ್ಡ ಅಕ್ಷರ, ಒಂದೇ ಪುಟದ ಫಾರಂ, ಐದು ನಿಮಿಷದಲ್ಲಿ ವಾಪಸ್ ಫೋನ್, ಹುಡುಕಿದರೆ ಮೊದಲ ಸ್ಥಾನ. ನಮ್ಮ ಇಲಾಖೆಗಳು ಮಾಡಬೇಕಾಗಿದ್ದ ಕೆಲಸವನ್ನು ಇವರು ಆಗಲೇ ಕಲಿತು ಕೂತಿದ್ದಾರೆ. ಅಸಲಿ ಸೈಟುಗಳ ಉಸ್ತುವಾರಿಯವರನ್ನು ನಕಲಿ ಸೈಟುಗಳಿಗೆ ಡೆಪ್ಯುಟೇಷನ್ ಮೇಲೆ ಕಳಿಸಿ. ಎರಡೇ ತಿಂಗಳಲ್ಲಿ ಅವೆಲ್ಲ ‘ಸೆಷನ್ ಎಕ್ಸ್‌ಪೈರ್ಡ್’ ಆಗಿ ಮುಚ್ಚಿಹೋಗುತ್ತವೆ.

ಮೊನ್ನೆ ಅಕ್ಕನಿಗೆ ಮತ್ತೆ ಫೋನ್ ಬಂದಿತ್ತು. ರೀಫಂಡ್ ಇರಬೇಕು ಎಂದು ಕೈಯ ಹಿಟ್ಟು ಒರೆಸಿಕೊಂಡು ಎತ್ತಿದರೆ, ‘ಮೇಡಂ, ಉದ್ಯಮ್ ರಿನ್ಯೂವಲ್ ಡ್ಯೂ ಆಗಿದೆ’ ಎಂದನಂತೆ, ಈ ಸಲ ಹರಕು ಕನ್ನಡದಲ್ಲಿ. ಉದ್ಯಮ್‌ಗೆ ಅವಧಿಯೂ ಇಲ್ಲ, ರಿನ್ಯೂವಲ್ಲೂ ಇಲ್ಲ. ಅಕ್ಕ ಈಗ ಅಷ್ಟು ತಿಳಿದುಕೊಂಡಿದ್ದಾರೆ. ‘ಆಗ್ಲಪ್ಪ, ಮಾಡ್ಸೋಣ. ಅದಕ್ಕೆ ಮುಂಚೆ ನೀನು ನನ್ನ ಹತ್ರ ಎರಡು ಕೆಜಿ ನಿಪ್ಪಟ್ಟು ತಗೋ. ನಿಪ್ಪಟ್ಟು ಪುಕ್ಕಟೆ. ಪ್ರೊಸೆಸಿಂಗ್ ಫೀ ಎರಡು ಸಾವಿರ, ಮೊದಲೇ ಕಟ್ಬೇಕು. ಎಣ್ಣೆಗೆ ಬಿಟ್ಮೇಲೆ ರೀಫಂಡ್ ಇಲ್ಲ’ ಎಂದರಂತೆ. ಆ ಕಡೆಯಿಂದ ಲೈನ್ ಕಟ್ಟಾಯಿತು.